ಹೆಚ್ಚು, ತುರಿ, ಹಿಂಡು, ಕಿವುಚು: ನಮ್ಮ ಮನೆಯ ಬೇಸಿಗೆ ರಜೆ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಸಾಗರದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡುವುದು ಪುಣೆಯ ನಮ್ಮ ಮನೆಯಲ್ಲಿ ವರ್ಷಗಳಿಂದ ನಡೆದುಬಂದ ವಾಡಿಕೆ. ಮೊದಲು ಮಕ್ಕಳ ಸರದಿ. ಆ ಸರದಿ ಎಷ್ಟು ಹೊತ್ತಿನದು ಎಂದು ನಿಮಗೂ ಗೊತ್ತಿರುತ್ತದೆ.

"ಪುಟ್ಟ, ತಿಂಡಿ ಎಂತ ಇವತ್ತು?"

"ದೋಸಾ."

"ಶಾಲೆಗೆ ರಜೆ ಬಂತಾ?"

"ಹಾಂ."

ಅಷ್ಟರಲ್ಲಿ ಫೋನು ನನ್ನ ಕೈಗೆ. "ಅಪ್ಪಾ, ತಗೋ."

ಈ ವರ್ಷ ಏಪ್ರಿಲ್ ಮೂರನೆಯ ವಾರವೂ ಹೀಗೇ ಆಯಿತು. ಮಗನಿಗೆ ಆರು ವರ್ಷ, ಮಗಳಿಗೆ ಹತ್ತು. ಇಬ್ಬರೂ ಕ್ಯಾಮೆರಾದಿಂದ ಮಾಯವಾದ ಮೇಲೆ ಅಮ್ಮ ದೂರುವ ದನಿಯಲ್ಲೇನೂ ಅಲ್ಲ, ಹವಾಮಾನ ಹೇಳುವಷ್ಟೇ ಸಹಜವಾಗಿ ಹೇಳಿದಳು: "ಅವಕ್ಕೆ ನನ್ನ ಮಾತು ಪೂರ್ತಿ ಅರ್ಥ ಆಗೋದಿಲ್ಲ ಅಂತ ಕಾಣ್ತದೆ ಮಾರಾಯ. ನಂಗೂ ತಿಂಡಿ ಕೇಳಿದ ಮೇಲೆ ಇನ್ನೆಂತ ಕೇಳೋದು ಅಂತ ಗೊತ್ತಾಗೋದಿಲ್ಲ."

ಪ್ರತಿ ಬೇಸಿಗೆಯಲ್ಲಿ ಮೂರು ವಾರ ಊರಿಗೆ ಹೋದರೆ ಈ ಕೊರತೆ ಅರ್ಧ ತುಂಬುತ್ತಿತ್ತು. ಈ ಸಲ ಅದೂ ಇಲ್ಲ. ನನ್ನ ಪ್ರಾಜೆಕ್ಟಿನ ರಿಲೀಸ್ ಮೇ ಕೊನೆಗೆ, ಹೆಂಡತಿಗೂ ರಜೆ ಸಿಗಲಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲೇ ಮಾತಾಡುತ್ತೇವೆ. ಆದರೆ ನಿಜ ಹೇಳಬೇಕೆಂದರೆ ಆ ಕನ್ನಡ ಇಷ್ಟೇ: ಬಾ, ಹೋಗು, ಊಟ ಮಾಡು, ಸ್ನಾನ ಆಯ್ತಾ, ಟಿವಿ ಆಫ್ ಮಾಡು. ಉಳಿದದ್ದೆಲ್ಲ ಹಿಂದಿ, ಇಂಗ್ಲಿಷು, ಕೆಳಗೆ ಆಟಕ್ಕೆ ಹೋದರೆ ಮರಾಠಿ. ಭಾನುವಾರದ ಅಕ್ಷರಾಭ್ಯಾಸ ಎರಡು ಸಲ ಶುರುವಾಗಿ ಎರಡೂ ಸಲ ಒತ್ತಕ್ಷರಕ್ಕೆ ಬಂದು ನಿಂತಿತ್ತು.

ಅಡುಗೆಮನೆಗೆ ನಾವು ಹೋದದ್ದು ಕನ್ನಡ ಕಲಿಸಲಿಕ್ಕಲ್ಲ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಸೊಸೈಟಿಯ ಅರ್ಧ ಮಕ್ಕಳು ಊರಿಗೆ ಹೋಗಿಯಾಗಿತ್ತು, ಮನೆಯಲ್ಲಿ ಟ್ಯಾಬ್‌ಗಾಗಿ ದಿನಾ ಜಗಳ. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ನನ್ನ ಕ್ಯಾಲೆಂಡರಿನಲ್ಲಿ ಖಾಲಿ ಇರುವ ಹೊತ್ತು. ಆ ಒಂದು ಗಂಟೆ ತಿನ್ನುವುದನ್ನೋ ಕುಡಿಯುವುದನ್ನೋ ಏನಾದರೂ ಮಾಡೋಣ ಎಂದೆ. ಮೊದಲ ಎರಡು ವಾರ ಒಲೆ ಹಚ್ಚುವಂತಿಲ್ಲ ಎಂಬುದು ಹೆಂಡತಿಯ ಷರತ್ತು. ಪಾತ್ರೆ ತೊಳೆಯುವುದು ನಾನು ಎಂಬುದು ಮಕ್ಕಳ ಷರತ್ತು.

ಕೋಸಂಬರಿಯಿಂದ ಆರಂಭ

ಮೊದಲ ದಿನ ಹೆಸರುಬೇಳೆ ಕೋಸಂಬರಿ. ಅರ್ಧ ಬಟ್ಟಲು ಬೇಳೆಯನ್ನು ತೊಳೆದು ಒಂದು ಗಂಟೆ ನೆನೆಸಿದ್ದೆ. ಮಗನಿಗೆ ಕೊತ್ತಂಬರಿ ಕಟ್ಟು ಕೊಟ್ಟು "ಸೊಪ್ಪು ಸೋಸು ಪುಟ್ಟ" ಅಂದೆ. ಅವನು ಎದ್ದುಹೋಗಿ ಚಹಾ ಸೋಸುವ ಜಾಲರಿ ತಂದು, ಸೊಪ್ಪನ್ನು ಅದರೊಳಗೆ ತುರುಕತೊಡಗಿದ. ಮಗಳಿಗೆ "ಸೌತೆಕಾಯಿ ಹೆಚ್ಚು" ಅಂದೆ. ಅವಳು ಫ್ರಿಜ್ಜಿನಿಂದ ಇನ್ನೂ ಎರಡು ಸೌತೆಕಾಯಿ ತಂದಿಟ್ಟಳು. 'ಹೆಚ್ಚು' ಎಂದರೆ ಜಾಸ್ತಿ ಎಂದಷ್ಟೇ ಅವಳಿಗೆ ಗೊತ್ತು.

ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಅವಳ ಎದುರು ಹತ್ತು ವರ್ಷಗಳಲ್ಲಿ ಎಷ್ಟು ಸೌತೆಕಾಯಿ ಹೆಚ್ಚಿರಬಹುದು ನಾವು? ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದು ಯಾವತ್ತು? ಅಡುಗೆಮನೆಯಲ್ಲಿ ದೊಡ್ಡವರು ಕೆಲಸ ಮಾಡುತ್ತಾರೆ, ಮಕ್ಕಳು ಹಾಲ್‌ನಲ್ಲಿರುತ್ತಾರೆ. ತಟ್ಟೆ ಮಾತ್ರ ಅವರ ಕಡೆ ಹೋಗುತ್ತದೆ, ಮಾತು ಹೋಗುವುದಿಲ್ಲ.

ಅವತ್ತು ಸಂಜೆ ಮಗಳು ಒಂದು ಹಾಳೆಯಲ್ಲಿ ತನ್ನ ಸೊಟ್ಟ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು: ಹೆಚ್ಚು, ಸೋಸು, ತುರಿ, ಹಿಂಡು, ಬೆರೆಸು. ಒಟ್ಟು ಐದು.

ಕೋಸಂಬರಿಗೆ ಒಂದು ಮಾತು. ನೀರು ಬಸಿದ ಬೇಳೆ, ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಮೂರು ಚಮಚ ಕಾಯಿತುರಿ, ಕೊತ್ತಂಬರಿ, ಅರ್ಧ ನಿಂಬೆಹಣ್ಣು ಎಲ್ಲ ಸೇರಿಸಿಟ್ಟರೂ ಉಪ್ಪನ್ನು ಮಾತ್ರ ತಿನ್ನುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬಟ್ಟಲ ತಳದಲ್ಲಿ ಸಾರು ನಿಲ್ಲುತ್ತದೆ. ನಾವು ಎರಡು ಬಟ್ಟಲಲ್ಲಿ ಎರಡೂ ರೀತಿ ಮಾಡಿ ತೋರಿಸಿದೆವು. ಮಗಳಿಗೆ ಅದೇ ವಿಜ್ಞಾನದ ಪಾಠವಾಯಿತು.

ಹೆಚ್ಚುವುದೂ ಹಚ್ಚುವುದೂ

ಹೆಂಡತಿ ಧಾರವಾಡದವಳು. ಅವಳು ಮನೆಯಲ್ಲಿದ್ದ ದಿನ ಅವಲಕ್ಕಿ. ತೆಳು ಅವಲಕ್ಕಿಗೆ ಹಸಿ ಎಣ್ಣೆ, ಮಸಾಲೆ ಖಾರ, ಮೆಂತ್ಯಹಿಟ್ಟು, ಉಪ್ಪು, ಚೂರು ಸಕ್ಕರೆ ಹಾಕಿ ಕೈಯಲ್ಲಿ ಹಗುರವಾಗಿ ಕಲಸಿ, ಮೇಲೆ ಈರುಳ್ಳಿ, ಕಾಯಿತುರಿ, ಶೇಂಗಾ. ಇದನ್ನು ಅವರ ಕಡೆ ಅವಲಕ್ಕಿ ಹಚ್ಚುವುದು ಎನ್ನುತ್ತಾರೆ. ಮೊನ್ನೆಯಷ್ಟೇ 'ಹೆಚ್ಚು' ಕಲಿತ ಮಗಳು ಚಾಕು ಹಿಡಿದು ನಿಂತಳು. "ಹೆಚ್ಚೂದಲ್ಲ, ಹಚ್ಚೂದು. ಉಳ್ಳಾಗಡ್ಡಿ ಹೆಚ್ಚಬೇಕು, ಅವಲಕ್ಕಿ ಹಚ್ಚಬೇಕು" ಎಂದು ಅವಳಮ್ಮ ನಕ್ಕಳು. ದೀಪ ಹಚ್ಚುವುದು, ಮುಲಾಮು ಹಚ್ಚುವುದು, ಅವಲಕ್ಕಿ ಹಚ್ಚುವುದು. ಒಂದೇ ಮಾತಿಗೆ ಮೂರು ಕೆಲಸ ಎಂದು ತಿಳಿದಾಗ ಮಕ್ಕಳಿಗೆ ಅದೊಂದು ಆಟವೇ ಆಯಿತು.

ಮುಂದಿನ ದಿನಗಳಲ್ಲಿ ಪಾನಕ. ಒಂದು ಲೀಟರ್ ನೀರಿಗೆ ಮುಕ್ಕಾಲು ಬಟ್ಟಲು ಪುಡಿ ಬೆಲ್ಲ, ಒಂದು ನಿಂಬೆಹಣ್ಣು, ಕಾಲು ಚಮಚ ಶುಂಠಿಪುಡಿ, ನಾಲ್ಕು ಏಲಕ್ಕಿ. ಇಲ್ಲಿ ಸುಲಭವಾಗಿ ಸಿಗುವ ಕೊಲ್ಹಾಪುರದ ಬೆಲ್ಲ ಇದಕ್ಕೆ ಚೆನ್ನ. ಏಲಕ್ಕಿ ಕುಟ್ಟುವ ಕೆಲಸ ಮಗನದು. ಈಗ ಸೋಸುವುದಕ್ಕೆ ನಿಜವಾಗಿಯೂ ಜಾಲರಿ ಬೇಕಾಯಿತು, ಅವನ ಮಾನ ಉಳಿಯಿತು. ಬಾಳೆಹಣ್ಣು ಹಿಚುಕಿ ಹಾಲು ಸಕ್ಕರೆ ಹಾಕಿ ಸೀಕರಣೆ ಮಾಡಿದ ದಿನ ಪಕ್ಕದ ಮನೆಯ ಹುಡುಗ ಬಂದಿದ್ದ. ಅವನು ಬಟ್ಟಲು ನೋಡಿ "ಅರೆ, ಹೆ ತರ್ ಶಿಕರಣ್" ಅಂದ. ನಮ್ಮ ಸೀಕರಣೆ, ಅವರ ಶಿಕರಣ್. ತನ್ನ ಮನೆಯ ಮಾತು ಗೆಳೆಯನ ಮನೆಯಲ್ಲೂ ಇದೆ ಎಂದು ಮಗನಿಗೆ ಏನೋ ಹೆಮ್ಮೆ.

ಉಪ್ಪಾದ ಮುರುಗಲು ನೀರು

ಸಾಗರದ ಕಡೆಯ ಬೇಸಿಗೆ ಎಂದರೆ ಮುರುಗಲು. ದಕ್ಷಿಣ ಕನ್ನಡದವರ ಪುನರ್ಪುಳಿ, ಮಹಾರಾಷ್ಟ್ರದವರ ಕೋಕಮ್. ಒಣಗಿಸಿದ ಸಿಪ್ಪೆ ಪುಣೆಯಲ್ಲಿ ಆಮಸೂಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಹತ್ತು ಹನ್ನೆರಡು ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ಎರಡು ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ, ಸೋಸಿ, ಬೆಲ್ಲ ಅಥವಾ ಸಕ್ಕರೆ, ಚಿಟಿಕೆ ಉಪ್ಪು, ಜೀರಿಗೆಪುಡಿ ಹಾಕಿ ಮೂರು ಲೋಟ ತಣ್ಣೀರು ಬೆರೆಸಿದರೆ ಆಯಿತು. ಕಿವುಚುವುದೆಂದರೆ ಹಿಂಡುವುದಲ್ಲ. ನಿಂಬೆಹಣ್ಣನ್ನು ಹಿಂಡುತ್ತೇವೆ. ನೆನೆದದ್ದನ್ನು ನೀರಿನೊಳಗೇ ಬೆರಳುಗಳಿಂದ ಮತ್ತೆ ಮತ್ತೆ ಹಿಸುಕಿ ರಸ ಬಿಡಿಸುವುದು ಕಿವುಚುವುದು. ಮೊಣಕೈವರೆಗೆ ಕೆಂಪಾದ ಮಗನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಆದರೆ ಕುಡಿದರೆ ಸಮುದ್ರದ ನೀರು! ಒಂದು ಗುಟುಕಿಗೇ ಇಬ್ಬರೂ ಸಿಂಕಿಗೆ ಓಡಿದರು. ಉಪ್ಪು ಹಾಕಿದ್ದು ಚಿಟಿಕೆಯಷ್ಟೇ. ಏನು ತಪ್ಪಾಯಿತೆಂದು ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕ್ಲೈಂಟ್ ಕಡೆಯಿಂದ ತುರ್ತು ಮೀಟಿಂಗ್ ಬಂತು, "ಆಮೇಲೆ ನೋಡೋಣ" ಎಂದು ಲ್ಯಾಪ್‌ಟಾಪ್ ಮುಂದೆ ಕೂತೆ.

ಮೀಟಿಂಗಿನ ನಡುವೆ ಹಾಲ್‌ನಿಂದ ಮಗಳ ದನಿ ಕೇಳಿಸಿತು. ನಾನು ಮ್ಯೂಟ್ ಆದೆ.

"ಅಜ್ಜಿ, ಮುರುಗಲು ನೀರು ತುಂಬಾ ಉಪ್ಪಾಯ್ತು."

"ಎಷ್ಟು ಹಾಕಿದ್ಯೇ?"

"ಚೂರೇ ಚೂರು. ಕಿವುಚಿ, ಸೋಸಿ, ಆಮೇಲೆ ಹಾಕಿದ್ದು."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಅಮ್ಮನ ದನಿ ಏರಿತು. "ಕಿವುಚಿದ್ಯಾ? ನೀನೇ ಕಿವುಚಿದ್ದಾ?"

"ಪುಟ್ಟ ಕಿವುಚಿದ. ನಾನು ಸೋಸಿದೆ."

ಅಮ್ಮ ಸಿಪ್ಪೆಯನ್ನು ನಾಲಿಗೆಗೆ ಮುಟ್ಟಿಸಿ ನೋಡಲು ಹೇಳಿದಳು. ಅಂಗಡಿಯವರು ಉಪ್ಪು ಹಾಕಿಯೇ ಒಣಗಿಸಿದ್ದರು. ಊರಲ್ಲಿ ಅಮ್ಮ ಜ್ಯೂಸಿಗೆಂದು ಉಪ್ಪಿಲ್ಲದೆ ಒಣಗಿಸುತ್ತಾಳೆ, ನಾನು ಬಳಸಿದ್ದು ಆ ಲೆಕ್ಕ. "ಚೆಲ್ಲಬೇಡಿ. ನಾಲ್ಕು ಪಾಲು ನೀರು ಸೇರಿಸಿ, ಬೆಲ್ಲ ಹಾಕಿ, ಹಸಿಮೆಣಸು ಸೀಳಿ ಹಾಕಿ ಕುದಿಸಿ, ಒಗ್ಗರಣೆ ಕೊಟ್ರೆ ಸಾರಾಗ್ತದೆ. ಒಲೆ ಹತ್ರ ನೀವು ಹೋಗಬೇಡಿ, ಅಪ್ಪನ ಹತ್ರ ಹೇಳು." ಮಗಳು ಕೇಳಿದಳು: "ಸೀಳು ಅಂದ್ರೆ ಹೆಚ್ಚೋದಾ?" ಅಮ್ಮ ವಿವರಿಸಿದಳು: ಹೆಚ್ಚಿದರೆ ಚೂರಾಗುತ್ತದೆ, ಸೀಳಿದರೆ ಉದ್ದಕ್ಕೆ ಎರಡಾಗುತ್ತದೆ.

ನಾನು ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದದ್ದನ್ನು ಎರಡು ಸಲ ಕೇಳಿಸಿಕೊಳ್ಳಲಿಲ್ಲ. ಫೋನ್ ಇಟ್ಟಾಗ ನೋಡಿದರೆ ಹನ್ನೊಂದು ನಿಮಿಷ. ಭಾನುವಾರವೂ ಅಲ್ಲ, ನಾನು ಮಾಡು ಎಂದು ಹೇಳಿದ್ದೂ ಅಲ್ಲ. ಅವಳಿಗೊಂದು ಕೇಳುವ ವಿಷಯವಿತ್ತು, ಅಜ್ಜಿಗೆ ಗೊತ್ತಿತ್ತು. ಇಷ್ಟು ವರ್ಷ ಇವರಿಬ್ಬರ ನಡುವೆ ಇಲ್ಲದೇ ಇದ್ದದ್ದು ಪ್ರೀತಿಯಲ್ಲ, ಮಾತಾಡಲು ಒಂದು ವಿಷಯ.

ರಾತ್ರಿ ಆ ಸಾರಿಗೆ ಅನ್ನ ಕಲಸಿ ಎಲ್ಲರೂ ಉಂಡೆವು. ಸ್ವಲ್ಪ ಉಪ್ಪೇ ಆಗಿತ್ತು. ಯಾರೂ ದೂರಲಿಲ್ಲ.

ಬಾಲ್ಕನಿಯ ದೊಡ್ಡಪತ್ರೆ

ಅಲ್ಲಿಂದ ಮುಂದೆ ಅಮ್ಮನೇ ಮೆನು ಹೇಳತೊಡಗಿದಳು. "ಕುಂಡದಲ್ಲಿ ದೊಡ್ಡಪತ್ರೆ ಇದ್ಯಲ್ಲ, ತಂಬುಳಿ ಮಾಡಿ." ಇಲ್ಲಿನವರು ಓವ್ಯಾಚೆ ಪಾನ್ ಎಂದು ಭಜಿಗೆ ಬಳಸುವ ಎಲೆಯೇ ಅದು. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸುವುದು ದೊಡ್ಡವರ ಕೆಲಸ. ಅದು ಆರಿದ ಮೇಲೆ ಮೂರು ಚಮಚ ಕಾಯಿತುರಿಯೊಂದಿಗೆ ರುಬ್ಬಿ, ಮಕ್ಕಳು ಕಡೆದ ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿದರೆ ಸಾಕು. ಕುದಿಸುವಂತಿಲ್ಲ. ಮಗ ಮೊದಲ ಸಲ ಮೂಗು ಮುರಿದ. ತಾನೇ ಕಡೆದದ್ದು ಎಂಬ ಕಾರಣಕ್ಕೆ ಎರಡನೆಯ ಸಲ ಅರ್ಧ ಲೋಟ ಕುಡಿದ.

ಎಲ್ಲ ಸರಿಹೋಯಿತು ಎಂದು ಹೇಳುತ್ತಿಲ್ಲ. ಮಗ ಇವತ್ತಿಗೂ "ಅಪ್ಪಾ, ಮೈ ಕಿವುಚೂಂಗಾ" ಎನ್ನುತ್ತಾನೆ. ಒತ್ತಕ್ಷರ ಇನ್ನೂ ಅಲ್ಲೇ ನಿಂತಿದೆ. ಎರಡು ದಿನ ಕೆಲಸದ ಒತ್ತಡದಲ್ಲಿ ನಾನೇ ರೇಗಿ, ಅಡುಗೆಯೂ ಬೇಡ ಏನೂ ಬೇಡ ಎಂದು ಟ್ಯಾಬ್ ಕೈಗೆ ಕೊಟ್ಟದ್ದೂ ಉಂಟು. ಆದರೂ ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಈಗ ಮೂವತ್ತೊಂದು ಮಾತುಗಳಿವೆ. ಸೀಳು, ಕುಟ್ಟು, ಜಜ್ಜು, ಬಸಿ, ಕಡೆ, ರುಬ್ಬು, ಬಾಡಿಸು. ಒಂದನ್ನೂ ಬಾಯಿಪಾಠ ಮಾಡಿಸಿದ್ದಲ್ಲ, ಎಲ್ಲವೂ ಕೈಯಿಂದ ಬಂದವು.

ನೀವೂ ಮಾಡುವುದಾದರೆ

ನಮಗೆ ಉಪಯೋಗವಾದ ಮೂರು ನಾಲ್ಕು ಸಂಗತಿ ಹೇಳುತ್ತೇನೆ. ದಿನಕ್ಕೆ ಒಂದೇ ತಿನಿಸು ಸಾಕು. ಮಕ್ಕಳ ಕೈಗೆ ಅವರ ವಯಸ್ಸಿನ ಕೆಲಸ ಕೊಡಿ: ಆರರ ಮಗುವಿಗೆ ಸೋಸುವುದು, ಕಿವುಚುವುದು, ಕುಟ್ಟುವುದು, ಹತ್ತರ ಮಗುವಿಗೆ ನೀವು ಪಕ್ಕದಲ್ಲಿ ನಿಂತು ಹೆಚ್ಚುವುದು, ತುರಿಯುವುದು. ಒಲೆ, ಮಿಕ್ಸಿ ನಿಮ್ಮ ಕೈಯಲ್ಲೇ ಇರಲಿ. ಕೆಲಸ ಮಾಡುವಾಗ ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತಿರಿ. ಮಕ್ಕಳು ತಪ್ಪಾಗಿ ಹೇಳಿದರೆ ತಿದ್ದಬೇಡಿ, ಸರಿಯಾದದ್ದನ್ನು ನೀವು ಇನ್ನೊಮ್ಮೆ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಳತೆ ನಿಮಗೆ ಗೊತ್ತಿದ್ದರೂ ಗೊತ್ತಿಲ್ಲ ಎಂದು ಅಜ್ಜಿಗೋ ಅಜ್ಜನಿಗೋ ಫೋನ್ ಮಾಡಿಸಿ.

ಕಳೆದ ವಾರ ಊರಿನಿಂದ ಪಾರ್ಸೆಲ್ ಬಂತು. ಹಳೆಯ ಹಾರ್ಲಿಕ್ಸ್ ಬಾಟಲಿಯ ತುಂಬ ಮುರುಗಲು ಸಿಪ್ಪೆ, ಮೇಲೆ ಅಮ್ಮನ ಕೈಬರಹದ ಚೀಟಿ: "ಉಪ್ಪು ಹಾಕಿಲ್ಲ." ಮಗಳು ಕೂಡಿಸಿ ಕೂಡಿಸಿ ಓದಿದಳು. 'ಪ್ಪು' ಒತ್ತಕ್ಷರವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮೊನ್ನೆ ಭಾನುವಾರ ಎಂದಿನಂತೆ ಕಾಲ್. ಮಕ್ಕಳ ಸರದಿ ಮುಗಿಯುವುದನ್ನೇ ಕಾಯುತ್ತ ನಾನು ಸಿಂಕಿನ ಮುಂದೆ ನಿಂತಿದ್ದೆ. ಕೊನೆಗೆ ಅಮ್ಮ, "ಅಪ್ಪನಿಗೆ ಕೊಡು ನೋಡೋಣ" ಅಂದದ್ದು ಕೇಳಿಸಿತು.

"ಅಪ್ಪ ಪಾತ್ರೆ ತೊಳೀತಿದ್ದಾನೆ ಅಜ್ಜಿ" ಅಂದ ಮಗ. "ನೀನು ಹೇಳು, ಆಮೇಲೆ ಎಂತ ಹಾಕೋದು?"