ಕಾರ್ಪೆಟ್ ತರುವ ಮೊದಲು ಮೆಟ್ಟಿಲಿನ ಹಲಗೆ ನೋಡಿ

ನಮ್ಮ ಕರಾವಳಿಯ ಹಳೆಯ ಬ್ಯಾರಿ ಮನೆಗಳಲ್ಲಿ ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲು ಈಗಲೂ ಉಂಟು. ಕೆಲವು ಹಳೆಯ ಮದ್ರಸ, ಮಸೀದಿಗಳಲ್ಲೂ ಉಂಟು. ತೇಗವೋ ಹಲಸೋ ಕಿರಾಲ್‌ಬೋಗಿಯೋ, ಮರ ಗಟ್ಟಿಯದೇ. ಆದರೆ ಎರಡು ಮೂರು ತಲೆಮಾರು ಹತ್ತಿ ಇಳಿದ ಮೇಲೆ ಹಲಗೆಯ ನಡು ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ, ಮುಂದಿನ ಅಂಚು ಸವೆದು ಜಾರುತ್ತದೆ. ಮಳೆಗಾಲದ ಒದ್ದೆ ಕಾಲಿನಲ್ಲಿ ಕೇಳುವುದೇ ಬೇಡ.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವುದು ಕಾರ್ಪೆಟ್. ಕಾರ್ಪೆಟ್‌ಗೆ ದುಡ್ಡು ಕೊಡುವವರು ಬೇಗ ಸಿಗುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆಚಾರಿಯ ಕೂಲಿಗೆ ಕೇಳಿದರೆ, "ಅದೆಲ್ಲ ಯಾಕೆ ಉಸ್ತಾದರೆ, ಮೇಲಿಂದ ಕಾರ್ಪೆಟ್ ಬರ್ತದಲ್ಲ" ಎಂಬ ಉತ್ತರ ಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ತಗ್ಗಾದ ಹಲಗೆಯ ಮೇಲೆ ಹಾಸಿದ ಕಾರ್ಪೆಟ್ ನಡುವಿನಲ್ಲಿ ತೂಗಿಕೊಂಡು ನಿಲ್ಲುತ್ತದೆ. ಕಾಲಿಟ್ಟಾಗ ಕುಸಿಯುತ್ತದೆ, ದಿನ ಹೋದಂತೆ ಸಡಿಲವಾಗುತ್ತದೆ. ಮೊದಲು ಸವೆದ ಅಂಚು ಕಣ್ಣಿಗಾದರೂ ಕಾಣುತ್ತಿತ್ತು, ಅಜ್ಜಿಯಂದಿರು ನೋಡಿಕೊಂಡು ಕಾಲಿಡುತ್ತಿದ್ದರು. ಈಗ ಅದೂ ಕಾಣುವುದಿಲ್ಲ. ಕಿತಾಬು ಎದೆಗವಚಿಕೊಂಡು ಓಡಿ ಇಳಿಯುವ ಮಕ್ಕಳ ಬಗ್ಗೆ ಹೇಳಬೇಕಾಗಿಲ್ಲ ತಾನೇ?

ಮೊದಲು ಪರೀಕ್ಷೆ ಆಗಲಿ. ಹಳೆಯ ಮ್ಯಾಟು, ಮೊಳೆ ಎಲ್ಲ ಕಿತ್ತು ಗುಡಿಸಿ, ಒಂದೊಂದು ಹಲಗೆಯನ್ನೂ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ತುದಿ ಸಲೀಸಾಗಿ ಒಳಗೆ ಹೋದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲೋ ಲಡ್ಡೋ ಉಂಟೆಂದು ಅರ್ಥ. ನೆಲಕ್ಕೆ ತಾಗಿದ ಕೆಳಗಿನ ಭಾಗವನ್ನು ವಿಶೇಷವಾಗಿ ನೋಡಿ, ಗೆದ್ದಲು ಹತ್ತುವುದು ಹೆಚ್ಚಾಗಿ ಅಲ್ಲಿಂದಲೇ. ಅಂಥ ಹಲಗೆಗೆ ತೇಪೆ ಬೇಡ, ಬದಲಾಯಿಸಿ.

ಬರೀ ಸವೆದ ಹಲಗೆಯಾದರೆ ಅಷ್ಟು ಖರ್ಚಿಲ್ಲ. ಅಡಿಭಾಗ ಚೆನ್ನಾಗಿದ್ದು ಹಲಗೆ ಬಿಡಿಸಲು ಬರುವಂತಿದ್ದರೆ, ಅದನ್ನೇ ಮಗುಚಿ ಹಾಕಬಹುದು. ಅಡಿಯಲ್ಲಿ ಯಾರೂ ತುಳಿಯದ ಸಪಾಟು ಮರ ಸಿಗುತ್ತದೆ. ಅದು ಆಗದಿದ್ದರೆ ಸವೆದ ಮುಂಭಾಗವನ್ನು ನೇರವಾಗಿ ಕೊಯ್ದು ತೆಗೆದು, ಅಷ್ಟೇ ದಪ್ಪದ ಹೊಸ ಪಟ್ಟಿಯನ್ನು ಅಂಟು ಮತ್ತು ಸ್ಕ್ರೂ ಹಾಕಿ ಕೂರಿಸಬೇಕು. ಪಟ್ಟಿಯ ಅಂಚನ್ನು ಸ್ವಲ್ಪ ಉರುಟು ಮಾಡಿಸಿ. ಚೂಪಾಗಿ ಬಿಟ್ಟರೆ ಕಾರ್ಪೆಟ್ ಅಲ್ಲಿಯೇ ಹರಿಯುತ್ತದೆ. ಮರದ ಹೊಟ್ಟಿಗೆ ಅಂಟು ಕಲಸಿ ತಗ್ಗು ತುಂಬಿಸುವವರಿದ್ದಾರೆ. ಸಣ್ಣ ಬಿರುಕಿಗೆ ಅದು ಸಾಕು, ದಿನಾ ತುಳಿಯುವ ಅಂಚಿಗೆ ನಿಲ್ಲುವುದಿಲ್ಲ.

ಕೆಲವರು ಎಲ್ಲ ಹಲಗೆಯ ಮೇಲೂ ಪ್ಲೈವುಡ್ ಬಡಿಯುತ್ತಾರೆ. ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. 12 ಮಿ.ಮೀ. ಪ್ಲೈವುಡ್ ಹಾಕಿದರೆ ನಡುವಿನ ಮೆಟ್ಟಿಲುಗಳ ಎತ್ತರ ಹಾಗೇ ಇರುತ್ತದೆ, ಆದರೆ ಕೆಳಗಿನ ಮೊದಲ ಹೆಜ್ಜೆ 12 ಮಿ.ಮೀ. ಏರುತ್ತದೆ, ಉಪ್ಪರಿಗೆಗೆ ಇಡುವ ಕೊನೆಯ ಹೆಜ್ಜೆ ಅಷ್ಟೇ ಇಳಿಯುತ್ತದೆ. ಕಾಲಿಗೆ ಒಂದು ಅಭ್ಯಾಸ ಇರುತ್ತದೆ ನೋಡಿ, ಎಡವುವುದು ಅಲ್ಲಿಯೇ.

ಕಿರುಗುಟ್ಟುವ ಮೆಟ್ಟಿಲಿಗೆ ಮೇಲಿಂದ ಮೊಳೆ ಹೊಡೆಯುವುದು ನಮ್ಮಲ್ಲಿ ರೂಢಿ. ಸ್ವಲ್ಪ ದಿನದಲ್ಲಿ ಮೊಳೆ ಎದ್ದು ಬರುತ್ತದೆ. ಅಡಿಯಿಂದ ಸಣ್ಣ ಮರದ ತುಂಡಿಗೆ ಅಂಟು ಹಚ್ಚಿ ಸ್ಕ್ರೂ ಬಿಗಿಸಿದರೆ ಸದ್ದೂ ಹೋಗುತ್ತದೆ, ಅಲುಗಾಟವೂ ಹೋಗುತ್ತದೆ.

ಹಳೆಯ ಪೇಂಟ್ ಇದ್ದರೆ ಒಣಗಿದ ಹಾಗೆಯೇ ಉಜ್ಜಬೇಡಿ. ಹಳೆಯ ಎಣ್ಣೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಅದರ ಧೂಳು ಮಕ್ಕಳಿಗೆ ವಿಷ. ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಗೆದ್ದಲು ತಡೆಗೆ ಗೇರೆಣ್ಣೆ ಹಚ್ಚುವುದು ನಮ್ಮ ಹಿರಿಯರ ಕ್ರಮ, ಒಳ್ಳೆಯದೇ. ಆದರೆ ಅದು ಚರ್ಮವನ್ನು ಸುಡುತ್ತದೆ. ಕೈಗೆ ಗ್ಲೌಸ್ ಬೇಕು, ಪೂರ್ತಿ ಒಣಗದೆ ಮೇಲೆ ಕಾರ್ಪೆಟ್ ಹಾಸಬಾರದು.

ಇಷ್ಟಾದ ಮೇಲೆ ಕಾರ್ಪೆಟ್. ತೆಳ್ಳಗೆ, ಗಟ್ಟಿ ನೇಯ್ಗೆಯದು ಆರಿಸಿ, ಎರಡು ಬದಿಯಲ್ಲೂ ಮರ ಕಾಣುವಷ್ಟು ಜಾಗ ಬಿಡಿ. ಅಡಿಗೆ ರಬ್ಬರ್ ಇರುವುದು ನಮ್ಮ ಹವೆಗೆ ಆಗುವುದಿಲ್ಲ, ಪಸೆ ಹಿಡಿದು ಮರ ಲಡ್ಡಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಉಬ್ಬಿರುವುದರಿಂದ ಆ ತಿಂಗಳುಗಳಲ್ಲಿ ಕೆಲಸವೇ ಬೇಡ. ಮದ್ರಸಗಳಿಗಾದರೆ ರಮಝಾನ್ ರಜೆ ಸರಿಯಾದ ಹೊತ್ತು. ಈಗಿನ ವರ್ಷಗಳಲ್ಲಿ ಅದು ಬಿಸಿಲಿನ ದಿನಗಳಲ್ಲೇ ಬರುತ್ತದೆ, ಮಕ್ಕಳೂ ಇರುವುದಿಲ್ಲ. ಆಚಾರಿಯನ್ನು ಮಾತ್ರ ಒಂದು ತಿಂಗಳು ಮೊದಲೇ ಹೇಳಿ ಇಡಿ.