ದಾರಿ ತೋರಿದವರ ಲೆಕ್ಕ

ಗಿರಾಕಿಯನ್ನು ಅಂಗಡಿಗೆ ಕರೆತಂದವನಿಗೆ ಸಣ್ಣದೊಂದು ಪಾಲನ್ನು ಕೊಡುವುದು ವ್ಯಾಪಾರದಲ್ಲಿ ಬಹು ಹಳೆಯ ವಾಡಿಕೆ. ಬೆಲ್ಲಕ್ಕೆ ಹೆಸರಾದ ಮಂಡ್ಯದ ಜನರಿಗೆ ದಲಾಲಿ ಎಂಬ ಮಾತು ಹೊಸದೇನೂ ಅಲ್ಲ. ಅಂತರಜಾಲದ ಅಂಗಡಿಗಳೂ ಇದೇ ಪದ್ಧತಿಯನ್ನು ಅನುಸರಿಸುತ್ತವೆ. ಅಮೆಜಾನ್ ಸಂಸ್ಥೆಯು 1996ರಲ್ಲಿಯೇ ಇಂತಹ ಏರ್ಪಾಡೊಂದನ್ನು ಆರಂಭಿಸಿತು. ಒಬ್ಬರು ತಮ್ಮ ಜಾಲತಾಣದಲ್ಲಿ ಒಂದು ಪುಸ್ತಕವನ್ನು ಕುರಿತು ಬರೆದು, ಅಂಗಡಿಯ ಪುಟಕ್ಕೆ ಒಯ್ಯುವ ಕೊಂಡಿಯನ್ನು ಅಲ್ಲಿ ಇಡುತ್ತಾರೆ. ಆ ಕೊಂಡಿಯನ್ನು ಒತ್ತಿ ಹೋದ ವಾಚಕರು ಪುಸ್ತಕವನ್ನು ಕೊಂಡರೆ, ಬರೆದವರಿಗೆ ಕಮಿಷನ್ ಸಲ್ಲುತ್ತದೆ. ಇದಕ್ಕೆ ಅಫಿಲಿಯೇಟ್ ಕೊಂಡಿ ಎಂದು ಹೆಸರು.

ಮಂಡಿಯಲ್ಲಾದರೆ ಕರೆತಂದವನ ಮುಖ ಕಾಣುತ್ತದೆ. ಜಾಲದಲ್ಲಿ ಯಾರ ಮುಖವೂ ಕಾಣದು. ಹಾಗಾದರೆ ದಾರಿ ತೋರಿದವರು ಯಾರೆಂಬುದು ಅಂಗಡಿಗೆ ತಿಳಿಯುವುದು ಹೇಗೆ? ವಾಚಕರು ತಮ್ಮ ಬ್ರೌಸರಿನಲ್ಲಿ ಸ್ಕ್ರಿಪ್ಟುಗಳನ್ನು ತಡೆದರೆ ಆ ಲೆಕ್ಕಕ್ಕೆ ಏನಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವಿಲ್ಲಿ ವಿಚಾರಿಸೋಣ.

ಜಾಲದ ಪುಟವೊಂದರಲ್ಲಿ ಓದಲು ಅಕ್ಷರ, ನೋಡಲು ಚಿತ್ರ ಇರುತ್ತವೆ. ಇವಲ್ಲದೆ ಓದುವವರ ಗಣಕಯಂತ್ರದಲ್ಲಿಯೇ ನಡೆಯತಕ್ಕ ಆದೇಶಗಳ ಸರಣಿಯೂ ಇರಬಹುದು. ಇದೇ ಸ್ಕ್ರಿಪ್ಟ್. ಇದನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೆಂಡನ್ ಐಕ್ ಎಂಬುವರು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ರಚಿಸಿದರು. ಅದೇ ಸಂಸ್ಥೆಯ ಲೂ ಮಾಂಟುಲಿಯವರು 1994ರಲ್ಲಿ ಕುಕಿಯನ್ನು ರೂಪಿಸಿದ್ದರು. ಜಾಲತಾಣವೊಂದು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗಿ, ಮುಂದಿನ ಭೇಟಿಯಲ್ಲಿ ಮರಳಿ ಓದಿಕೊಳ್ಳುವ ಚಿಕ್ಕ ಚೀಟಿಯೇ ಕುಕಿ. ಕಾಲಕ್ರಮದಲ್ಲಿ ಹೊರಗಿನ ಸಂಸ್ಥೆಗಳು ಇವೆರಡನ್ನೂ ಬಳಸಿಕೊಂಡು ಜನರನ್ನು ಒಂದು ತಾಣದಿಂದ ಇನ್ನೊಂದಕ್ಕೆ ಹಿಂಬಾಲಿಸತೊಡಗಿದವು. ಇದನ್ನು ಒಪ್ಪದವರಿಗಾಗಿ 2005ರಲ್ಲಿ ನೋಸ್ಕ್ರಿಪ್ಟ್, 2014ರಲ್ಲಿ ಯುಬ್ಲಾಕ್ ಆರಿಜಿನ್ ಮೊದಲಾದ ತಡೆಗಳು ಹುಟ್ಟಿದವು. ಜಾವಾಸ್ಕ್ರಿಪ್ಟನ್ನು ರಚಿಸಿದ ಐಕ್ ಅವರೇ ಮುಂದೆ ಬ್ರೇವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಹಿಂಬಾಲಿಸುವ ಸ್ಕ್ರಿಪ್ಟುಗಳನ್ನು ತಡೆಯುವ ಬ್ರೌಸರನ್ನು ಹೊರತಂದುದು ಸೋಜಿಗದ ಸಂಗತಿ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ದಾರಿ ತೋರಿದವರನ್ನು ಗುರುತಿಸುವ ವಿಧಾನಗಳು ಮುಖ್ಯವಾಗಿ ಮೂರು.

ಒಂದನೆಯದು, ಕೊಂಡಿಯ ವಿಳಾಸದ ಬಾಲದಲ್ಲಿಯೇ ಬರೆದವರ ಗುರುತನ್ನು ಸೇರಿಸುವುದು. ಇದು ಗಿರಾಕಿಯ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸಿದಂತೆ. ಅಂಗಡಿಯ ಸರ್ವರ್ ಅದನ್ನು ನೇರವಾಗಿ ಓದಿಕೊಳ್ಳುತ್ತದೆ. ಎರಡನೆಯದು, ಒತ್ತಿದ ಕೊಂಡಿಯು ಮೊದಲು ಲೆಕ್ಕವಿಡುವ ಮಧ್ಯವರ್ತಿ ಸಂಸ್ಥೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ಅಂಗಡಿಗೆ ತಿರುಗುವುದು. ಮೂರನೆಯದು, ಪುಟದಲ್ಲಿರುವ ಸ್ಕ್ರಿಪ್ಟ್ ಒಂದು ಪಕ್ಕದಲ್ಲಿ ನಿಂತು ಯಾರು ಬಂದರು, ಏನು ಕೊಂಡರು ಎಂದು ಮಧ್ಯವರ್ತಿಗೆ ವರದಿ ಕಳುಹಿಸುವುದು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪರಿಚಿತ ಹೋಲಿಕೆ ಕಾಣುತ್ತದೆ. ಅಮ್ಮೀಟರನ್ನು ಮಂಡಲದಲ್ಲಿ ಸರಣಿಯಾಗಿ ಜೋಡಿಸುತ್ತೇವೆ. ಅದನ್ನು ಕಿತ್ತರೆ ಮಂಡಲವೇ ಕಡಿದು ದೀಪ ಆರುತ್ತದೆ. ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸುತ್ತೇವೆ. ಅದನ್ನು ಕಿತ್ತರೆ ದೀಪ ಎಂದಿನಂತೆ ಉರಿಯುತ್ತದೆ, ಅಳತೆ ಮಾತ್ರ ಇಲ್ಲವಾಗುತ್ತದೆ. ಮಧ್ಯವರ್ತಿಯ ಮೂಲಕ ಹಾಯುವ ಎರಡನೆಯ ವಿಧಾನ ಸರಣಿ ಜೋಡಣೆಯಂತೆ. ಸ್ಕ್ರಿಪ್ಟನ್ನು ಮಾತ್ರ ತಡೆದರೆ ಅದಕ್ಕೆ ಸಾಮಾನ್ಯವಾಗಿ ಬಾಧೆಯಿಲ್ಲ. ಆದರೆ ಮಧ್ಯವರ್ತಿಯ ವಿಳಾಸವನ್ನೇ ತಡೆದರೆ ಅಂಗಡಿಯ ಪುಟವೇ ತೆರೆಯದೆ, ಎಚ್ಚರಿಕೆಯ ಫಲಕ ಎದುರಾಗುತ್ತದೆ. ಇಲ್ಲಿ ನಷ್ಟವು ಎಲ್ಲರ ಕಣ್ಣಿಗೂ ಬೀಳುತ್ತದೆ. ಸ್ಕ್ರಿಪ್ಟನ್ನೇ ನೆಚ್ಚಿದ ಮೂರನೆಯ ವಿಧಾನ ಸಮಾಂತರ ಜೋಡಣೆಯಂತೆ. ಅದನ್ನು ತಡೆದರೂ ವ್ಯಾಪಾರ ನಡೆಯುತ್ತದೆ. ಕೊಂಡವರು ಅದೇ ಬೆಲೆಯನ್ನು ಕೊಡುತ್ತಾರೆ, ಸರಕು ಮನೆಗೆ ಬರುತ್ತದೆ. ದಾರಿ ತೋರಿದವರ ಪಾಲು ಮಾತ್ರ ಸದ್ದಿಲ್ಲದೆ ಮಾಯವಾಗುತ್ತದೆ. ಸಾಧಾರಣ ಕೊಂಡಿಗಳಿಗೆ ಸ್ಕ್ರಿಪ್ಟಿನ ಮೂಲಕವೇ ಗುರುತನ್ನು ಅಂಟಿಸುವ ಸೇವೆಗಳೂ ಉಂಟು. ತಡೆಯಿದ್ದಲ್ಲಿ ಅವುಗಳ ಕೊಂಡಿಯು ಬರಿಯ ಕೊಂಡಿಯಾಗಿಯೇ ಉಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಮದ್ದೂರಿನ ಗೃಹಿಣಿಯೊಬ್ಬರು ಅಡಿಗೆಯ ಪಾತ್ರೆಗಳನ್ನು ಕುರಿತೂ, ಮಂಡ್ಯದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಬಿಡಿಭಾಗಗಳನ್ನು ಕುರಿತೂ ಜಾಲದಲ್ಲಿ ಬರೆಯುತ್ತಾರೆಂದು ಇಟ್ಟುಕೊಳ್ಳೋಣ. ಮಳವಳ್ಳಿಯಲ್ಲಿಯೂ ಸುತ್ತಣ ಊರುಗಳಲ್ಲಿಯೂ ಇರುವ ವಾಚಕರು ಇಬ್ಬರ ಕೊಂಡಿಗಳ ಮೂಲಕವೂ ತಲಾ 100 ವಸ್ತುಗಳನ್ನು ಕೊಂಡರು. ಅಡಿಗೆಯ ಪುಟದ ಗಿರಾಕಿಗಳಲ್ಲಿ 5 ಮಂದಿ ಸ್ಕ್ರಿಪ್ಟನ್ನು ತಡೆದಿದ್ದರು. ಯಂತ್ರದ ವಿಚಾರ ಬಲ್ಲ ಎರಡನೆಯ ಪುಟದ ಗಿರಾಕಿಗಳಲ್ಲಿ 40 ಮಂದಿ ತಡೆದಿದ್ದರು. ಅಂಗಡಿಯ ಲೆಕ್ಕ ಸ್ಕ್ರಿಪ್ಟನ್ನೇ ನೆಚ್ಚಿದ್ದರೆ ಮೊದಲನೆಯವರ ಹೆಸರಿನಲ್ಲಿ 95, ಎರಡನೆಯವನ ಹೆಸರಿನಲ್ಲಿ 60 ಮಾತ್ರ ದಾಖಲೆಯಾಗುತ್ತವೆ. ಇಬ್ಬರ ಶ್ರಮದ ಫಲ ಒಂದೇ ಆಗಿದ್ದರೂ ವಿದ್ಯಾರ್ಥಿಯ ಬರೆಹ ನಿಷ್ಪ್ರಯೋಜಕವೆಂದು ಅಂಗಡಿಯವರು ಭಾವಿಸಬಹುದು. ಇದು ಒಮ್ಮೆ ಹೆಚ್ಚು ಒಮ್ಮೆ ಕಡಮೆ ತೋರಿ ಸರಾಸರಿಯಲ್ಲಿ ಸರಿಹೋಗುವ ತಪ್ಪಲ್ಲ. ಸೊನ್ನೆಯ ದೋಷವುಳ್ಳ ತಕ್ಕಡಿಯಂತೆ ಯಾವಾಗಲೂ ಒಂದೇ ಕಡೆಗೆ ವಾಲುವ ಕ್ರಮಬದ್ಧ ದೋಷ. ಎಷ್ಟು ಸಲ ತೂಗಿದರೂ ಇದು ಹೋಗದು.

ಕಾಲಾವಧಿಯ ತೊಡಕೂ ಒಂದಿದೆ. ಇಂದು ಕೊಂಡಿಯನ್ನು ಒತ್ತಿದವರು ಹತ್ತು ದಿನಗಳ ಬಳಿಕ ಕೊಳ್ಳಬಹುದು. ಅಲ್ಲಿಯವರೆಗೆ ಗುರುತನ್ನು ಕಾಯ್ದಿಡುವುದು ಕುಕಿಯ ಕೆಲಸ. ಆದರೆ ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್, ಸ್ಕ್ರಿಪ್ಟು ಬರೆದ ಕುಕಿಯ ಆಯುಸ್ಸನ್ನು 2019ರಲ್ಲಿ 7 ದಿನಗಳಿಗೆ ಇಳಿಸಿತು. 2020ರ ಮಾರ್ಚಿಯಲ್ಲಿ ಹೊರಗಿನ ತಾಣಗಳ ಕುಕಿಗಳನ್ನು ಪೂರ್ಣವಾಗಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ತನ್ನ ಕಟ್ಟುನಿಟ್ಟಿನ ರೀತಿಯಲ್ಲಿ ವಿಳಾಸದ ಬಾಲದಲ್ಲಿರುವ ಕೆಲವು ಗುರುತುಗಳನ್ನೂ ಕತ್ತರಿಸುತ್ತದೆ. ಆದುದರಿಂದ ಕೈಯಲ್ಲಿ ಕೊಟ್ಟ ಚೀಟಿಯೂ ಎಲ್ಲ ಕಾಲಕ್ಕೂ ಭದ್ರವೆನ್ನುವಂತಿಲ್ಲ.

ಇದಕ್ಕೆ ಪರಿಹಾರವಾಗಿ ಅಂಗಡಿಯ ಸರ್ವರೇ ಕೊಂಡಿಯ ಗುರುತನ್ನು ಬರೆದಿಟ್ಟುಕೊಂಡು, ಮಾರಾಟವಾದ ಮೇಲೆ ಮಧ್ಯವರ್ತಿಯ ಸರ್ವರಿಗೆ ತಾನೇ ತಿಳಿಸುವ ಪದ್ಧತಿ ಬಳಕೆಗೆ ಬಂದಿದೆ. ಈ ವರದಿಯು ವಾಚಕರ ಬ್ರೌಸರನ್ನು ಹಾಯುವುದಿಲ್ಲವಾಗಿ ಸ್ಕ್ರಿಪ್ಟಿನ ತಡೆ ಅದನ್ನು ಮುಟ್ಟದು. ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ತಮ್ಮ ವಿಷಯವಾಗಿ ಏನು ಬರೆದುಕೊಂಡರೆಂಬುದನ್ನು ನೋಡುವ ಅಥವಾ ನಿಲ್ಲಿಸುವ ಶಕ್ತಿಯೂ ವಾಚಕರ ಕೈಯಿಂದ ಜಾರುತ್ತದೆ. ಬರೆದವರ ಕೂಲಿಯೂ ನ್ಯಾಯವಾದುದು, ಓದುವವರ ಗೋಪ್ಯವೂ ನ್ಯಾಯವಾದುದು. ಆದಕಾರಣ ತಮ್ಮ ಕೊಂಡಿಯಿಂದ ಹಣ ಬರುವುದೆಂದು ಬರೆದವರು ಮೊದಲೇ ತಿಳಿಸುವುದು ಅಗತ್ಯ. ಸಾಮಾಜಿಕ ಮಾಧ್ಯಮಗಳಲ್ಲಿ ವಸ್ತುಗಳನ್ನು ಶಿಫಾರಸು ಮಾಡುವವರು ಹೀಗೆ ತಿಳಿಸಬೇಕೆಂದು ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ.

ವಾಚಕರು ಇದನ್ನು ಸ್ವತಃ ಪರೀಕ್ಷಿಸಬಹುದು. ಇಂತಹ ಪುಟವೊಂದನ್ನು ತೆರೆದು, ಕೊಂಡಿಯ ಮೇಲೆ ಒತ್ತದೆ ಮೌಸನ್ನು ಹಿಡಿಯಿರಿ. ಬ್ರೌಸರಿನ ಕೆಳತುದಿಯಲ್ಲಿ ವಿಳಾಸ ಕಾಣುತ್ತದೆ. ಬಾಲದಲ್ಲಿ ಗುರುತಿದೆಯೆ, ಅಥವಾ ಅಂಗಡಿಯದಲ್ಲದ ಬೇರೊಂದು ವಿಳಾಸವಿದೆಯೆ ನೋಡಿರಿ. ಬಳಿಕ ಸ್ಕ್ರಿಪ್ಟನ್ನು ತಡೆದು ಪುಟವನ್ನು ಮತ್ತೆ ತೆರೆದು, ವಿಳಾಸ ಬದಲಾಯಿತೆ ಎಂಬುದನ್ನು ಗಮನಿಸಿರಿ. ಆ ಬರೆಹ ನಿಮಗೆ ನೆರವಾಗಿದ್ದರೆ, ಆ ಪುಟಕ್ಕೂ ಆ ಅಂಗಡಿಗೂ ಮಾತ್ರ ತಡೆಯನ್ನು ಸಡಿಲಿಸುವ ಅನುಕೂಲ ಯುಬ್ಲಾಕ್ ಆರಿಜಿನ್‌ನಂತಹ ಉಪಕರಣಗಳಲ್ಲಿ ಇದ್ದೇ ಇದೆ.