ಪರದೆಯ ಮೇಲೆ ಊಟದ ತಟ್ಟೆ

ಚೆನ್ನೈನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಚುನಂಪೇಟೆ ಎಂಬ ಊರಿದೆ. ಹಳ್ಳಿಗರ ಕೈಗೆ ಸ್ಮಾರ್ಟ್‌ಫೋನ್ ಇನ್ನೂ ಬಾರದಿದ್ದ ಕಾಲದಲ್ಲಿ ಅಲ್ಲಿನ ಸುತ್ತಮುತ್ತಲ 42 ಹಳ್ಳಿಗಳಿಗೆ ಒಂದು ವ್ಯಾನು ಬರತೊಡಗಿತು. ಒಳಗೆ ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾ, ರಕ್ತ ಪರೀಕ್ಷೆಯ ಸಲಕರಣೆ. ಚಿತ್ರಗಳು ಇಸ್ರೊ ಒದಗಿಸಿದ ಉಪಗ್ರಹ ಸಂಪರ್ಕದ ಮೂಲಕ ಚೆನ್ನೈನ ಗೋಪಾಲಪುರದಲ್ಲಿದ್ದ ಮಧುಮೇಹ ತಜ್ಞರನ್ನು ಮುಟ್ಟುತ್ತಿದ್ದವು. ಡಾ. ವಿ. ಮೋಹನ್ ನೇತೃತ್ವದ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿದ ಈ ಯೋಜನೆಯಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರ ತಪಾಸಣೆಯಾಯಿತು. ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ ಮಧುಮೇಹಿಗಳಲ್ಲಿ ಸರಾಸರಿ ಶೇ. 9.3ರಿಂದ ಒಂದು ವರ್ಷದಲ್ಲಿ 8.5ಕ್ಕೆ ಇಳಿಯಿತು. ಚೆನ್ನೈನ ದೊಡ್ಡಾಸ್ಪತ್ರೆಗೆ ಬರಲೇಬೇಕಾದವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ.

ದೂರದಿಂದ ವೈದ್ಯ ಮಾಡುವುದು ಚೆನ್ನೈಗೆ ಹೊಸತಲ್ಲ. ಇಲ್ಲಿನ ಅಪೊಲೊ ಸಂಸ್ಥೆ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಹಳ್ಳಿಯಲ್ಲಿ ಟೆಲಿಮೆಡಿಸಿನ್ ಕೇಂದ್ರ ತೆರೆದದ್ದು 2000ನೇ ಇಸವಿಯಲ್ಲಿ. ಮುಪ್ಪಿನ ವೈದ್ಯವೂ ಇಲ್ಲಿ ಹಳೆಯದು: ಡಾ. ವಿ.ಎಸ್. ನಟರಾಜನ್ ಮದ್ರಾಸ್ ಮೆಡಿಕಲ್ ಕಾಲೇಜಿನ ಸರ್ಕಾರಿ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗ ಆರಂಭಿಸಿದ್ದು 1978ರಲ್ಲಿ. 2024ರ ಫೆಬ್ರವರಿಯಲ್ಲಿ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ 200 ಹಾಸಿಗೆಗಳ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ ಉದ್ಘಾಟನೆಯಾಯಿತು. ತಮಿಳುನಾಡಿನ ಜನರಲ್ಲಿ 60 ದಾಟಿದವರ ಪಾಲು ಶೇ. 13ಕ್ಕೂ ಹೆಚ್ಚು, ಇದಕ್ಕಿಂತ ಮುಂದಿರುವ ದೊಡ್ಡ ರಾಜ್ಯ ಕೇರಳ ಒಂದೇ.

ಇವೆರಡೂ ಇರುವ ಊರಿನಲ್ಲಿ ಹಿರಿಯರಿಗೆ ಊಟದ ಪಾಠವನ್ನೂ ದೂರದಿಂದಲೇ ಹೇಳಬಹುದಲ್ಲ. ಆದರೆ ಫೋನಿನಲ್ಲಿ ಹೇಳಿದ ಆಹಾರದ ಮಾತನ್ನು ಜನ ಕೇಳುತ್ತಾರೆಯೇ? ಇದಕ್ಕೂ ಚೆನ್ನೈ ಒಂದು ಉತ್ತರ ಕೊಟ್ಟಿದೆ. ಡಾ. ಎ. ರಾಮಚಂದ್ರನ್ ತಂಡವು ಮಧುಮೇಹದ ಅಂಚಿನಲ್ಲಿದ್ದ 537 ಗಂಡಸರ ಪೈಕಿ ಅರ್ಧದಷ್ಟು ಮಂದಿಗೆ ಊಟ, ನಡಿಗೆಯ ಬಗ್ಗೆ ಮೇಲಿಂದ ಮೇಲೆ ಎಸ್‌ಎಂಎಸ್ ಕಳಿಸಿತು. ಎರಡು ವರ್ಷದಲ್ಲಿ ಸಂದೇಶ ಸಿಕ್ಕವರಲ್ಲಿ ಶೇ. 18 ಮಂದಿಗೆ, ಸಿಗದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಸಣ್ಣದೇನಲ್ಲ. ಆದರೆ ಅಧ್ಯಯನದಲ್ಲಿದ್ದವರೆಲ್ಲ 35ರಿಂದ 55ರೊಳಗಿನ ಗಂಡಸರು. ಎಪ್ಪತ್ತೆಂಟರ ಅಜ್ಜಿಗೆ ಅದೇ ಸಂದೇಶ ಕಳಿಸಿದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ನಡುವಯಸ್ಸಿನವರಿಗೆ ಆಹಾರದ ಪಾಠವೆಂದರೆ ಹೆಚ್ಚಾಗಿ ಅನ್ನ ಕಡಿಮೆ ಮಾಡಿ, ಸಕ್ಕರೆ ಬಿಡಿ, ಎಣ್ಣೆ ಮುಟ್ಟಬೇಡಿ. ಚೆನ್ನೈಗೆ ಆ ಮಾತು ಬೇಕೇ ಬೇಕು. ಈ ನಗರದವರ ಊಟದ ಅಧ್ಯಯನದಲ್ಲಿ ಒಟ್ಟು ಶಕ್ತಿಯ ಅರ್ಧದಷ್ಟು ಪಾಲಿಶ್ ಮಾಡಿದ ಧಾನ್ಯದಿಂದ, ಅದರಲ್ಲೂ ಮುಖ್ಯವಾಗಿ ಬಿಳಿ ಅಕ್ಕಿಯಿಂದಲೇ ಬರುತ್ತಿತ್ತು. ಮುಪ್ಪಿನಲ್ಲಿ ತೊಂದರೆ ಎರಡೂ ಕಡೆಯಿಂದ ಬರುತ್ತದೆ. 60 ದಾಟಿದ ಭಾರತೀಯರಲ್ಲಿ ಶೇ. 27 ಮಂದಿ ತೂಕ ಸಾಲದವರು, ಶೇ. 22 ಮಂದಿ ತೂಕ ಮೀರಿದವರು ಎನ್ನುತ್ತದೆ ದೇಶದ ವಯಸ್ಸಾದವರ ಬಗ್ಗೆ 2017–18ರಲ್ಲಿ ನಡೆದ ಲಾಸಿ ಸಮೀಕ್ಷೆ. ‘ಕಡಿಮೆ ಮಾಡಿ’ ಎಂಬ ಮಾತನ್ನೇ ಹಿಡಿದ ವೃದ್ಧೆ ಅನ್ನವನ್ನೂ ಬಿಡುತ್ತಾಳೆ, ಅದರ ಜಾಗಕ್ಕೆ ಬೇರೇನನ್ನೂ ತರುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ತೊಡೆಯ ಸ್ನಾಯು ಕರಗಿ, ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ. ಹಿರಿಯರಿಗೆ ಕೊಡುವ ಪಾಠ ಏನನ್ನು ಸೇರಿಸಬೇಕು ಎಂಬುದರಿಂದ ಶುರುವಾಗಬೇಕು.

ಲೆಕ್ಕ ನೋಡಿ. 65 ದಾಟಿದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. ಐವತ್ತು ಕಿಲೋ ತೂಗುವವರಿಗೆ 50ರಿಂದ 60 ಗ್ರಾಂ ಆಯಿತು. ಬೆಳಿಗ್ಗೆ ಕಾಫಿ, ಎರಡು ಇಡ್ಲಿ. ಮಧ್ಯಾಹ್ನ ಅನ್ನ, ತೆಳು ಸಾಂಬಾರು. ರಾತ್ರಿ ಮೊಸರನ್ನ, ಉಪ್ಪಿನಕಾಯಿ. ಇಷ್ಟರಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಈ ಅಳತೆ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಉಳಿದವರಿಗೆ ಚೆನ್ನೈನ ಮನೆಮನೆಯಲ್ಲೂ ಮಾಡುವ, ಬೇಯಿಸಿದ ಕಾಳಿನ ಸುಂಡಲ್ ಇದೆ. ಹಲ್ಲಿಲ್ಲದವರು ಅದೇ ಕಾಳನ್ನು ಮೆತ್ತಗೆ ಬೇಯಿಸಿ ಮಸೆದು ತಿನ್ನಬಹುದು.

ಏನು ಸೇರಿಸಬೇಕೆಂದು ಹೇಳಲು ಮೊದಲು ಮನೆಯಲ್ಲಿ ಏನಿದೆ ಎಂದು ತಿಳಿಯಬೇಕು. ದೂರವಾಣಿಯ ಪಾಠಕ್ಕೆ ಆಸ್ಪತ್ರೆಯ ಕೋಣೆಗಿಲ್ಲದ ಬಲ ಬರುವುದು ಇಲ್ಲಿಯೇ. ಆಸ್ಪತ್ರೆಯಲ್ಲಿ ‘ಉಪ್ಪು ಎಷ್ಟು ತಿನ್ನುತ್ತೀರಿ?’ ಎಂದರೆ ಎಲ್ಲರೂ ‘ಸ್ವಲ್ಪವೇ’ ಎನ್ನುವವರೇ. ವಿಡಿಯೊ ಕರೆಯಲ್ಲಿ ಉಪ್ಪಿನಕಾಯಿ ಜಾಡಿಯೂ ಹಪ್ಪಳದ ಡಬ್ಬಿಯೂ ಕಣ್ಣಿಗೆ ಬೀಳುತ್ತವೆ. ಗ್ರಾಂ, ಮಿಲಿಲೀಟರ್ ಬದಿಗಿಟ್ಟು ಅವರದೇ ಲೋಟ, ಅವರದೇ ಸೌಟಿನ ಅಳತೆಯಲ್ಲಿ ಮಾತಾಡಬಹುದು. ಮಾತ್ರೆಗಳ ಪಟ್ಟಿಯನ್ನೂ ಕ್ಯಾಮೆರಾದ ಮುಂದೆ ಹಿಡಿಸಬಹುದು. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಯಲ್ಲೇ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗಬಹುದು. ಇಂಥವು ಹೊರಬೀಳುವುದು ಅಡುಗೆಮನೆಯಲ್ಲಿ ನಿಂತು ಮಾತಾಡಿದಾಗಲೇ.

ಅಡ್ಡಿಗಳೂ ಅಷ್ಟೇ ನಿಜ. ಕಿವಿ ಮಂದ, ಕಣ್ಣು ಮಸುಕು, ಫೋನು ಮಗನ ಜೇಬಿನಲ್ಲಿ. ಕರೆ ಬಂದರೆ ಮಗನೇ ಉತ್ತರಿಸುತ್ತಾನೆ, ಊಟ ಮಾಡುವವರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ. ಅಡುಗೆ ಮಾಡುವ ಸೊಸೆಯನ್ನು ಯಾರೂ ಕೇಳುವುದಿಲ್ಲ. ಒಂದು ಕರೆಗೆ ಒಂದೇ ವಿಷಯ, ನಿಧಾನದ ಮಾತು, ಕೊನೆಗೆ ‘ಈಗ ನೀವು ಹೇಳಿ, ನಾಳೆ ಏನು ಮಾಡ್ತೀರಿ?’ ಎಂದು ಅವರ ಬಾಯಿಂದಲೇ ಹೇಳಿಸಿಕೊಳ್ಳುವ ತಾಳ್ಮೆ ಬೇಕು.

ಕಾನೂನಿನ ದಾರಿ ತೆರೆದು ಕೆಲವೇ ವರ್ಷಗಳಾದವು. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ, ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರೊಡನೆ ಮಾತಾಡಬಹುದಾದ ಇ-ಸಂಜೀವಿನಿ ಹೊರರೋಗಿ ಸೇವೆ ಬಂತು; ಆರಂಭದ ತಿಂಗಳುಗಳಲ್ಲಿ ಅದನ್ನು ಬಳಸಿಕೊಳ್ಳುವುದರಲ್ಲಿ ತಮಿಳುನಾಡು ದೇಶಕ್ಕೇ ಮುಂದಿತ್ತು. ಆದರೆ ಆ ಮಾರ್ಗಸೂಚಿ ಬರೆದದ್ದು ನೋಂದಾಯಿತ ವೈದ್ಯರಿಗಾಗಿ. ಆಹಾರ ತಜ್ಞರಿಗೂ ಅಷ್ಟೇ ಸ್ಪಷ್ಟವಾದ ನಿಯಮ ಬೇಕು.

ತಮಿಳುನಾಡಿನ ಬಳಿ ಇನ್ನೊಂದು ಆಸ್ತಿ ಇದೆ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಸರ್ಕಾರಿ ಯೋಜನೆ ಶುರುವಾಯಿತು. ಹೆಸರಿನ ಅರ್ಥ, ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ. ಬಿಪಿ, ಸಕ್ಕರೆಯ ಮಾತ್ರೆಗಳನ್ನು ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಡುತ್ತಾರೆ. ಆ ಕಾರ್ಯಕರ್ತೆಯ ಕೈಯಲ್ಲೇ ಫೋನಿದ್ದು, ಮಾತ್ರೆ ಕೊಡುವಾಗ ಹತ್ತು ನಿಮಿಷ ಆಹಾರ ತಜ್ಞೆಯ ಜೊತೆ ಮಾತಾಡಿಸಿದರೆ ಕಿವಿಯ, ಕಣ್ಣಿನ, ಮಗನ ಜೇಬಿನ ಅಡ್ಡಿಗಳೆಲ್ಲ ಒಟ್ಟಿಗೆ ಸರಿದಾವು. ಪಾಠ ಅವರ ಮನೆಮಾತಿನಲ್ಲೂ ಇರಬೇಕು. ಅದೇ ಜಿಲ್ಲೆಯ ಹೊಸೂರು, ತಳಿ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡವೇ ಆಡುಮಾತು. ಅಲ್ಲಿನ ಅಜ್ಜಿಗೆ ರಾಗಿ ಮುದ್ದೆ, ಹುರಳಿ ಸಾರು ಎಂದರೇ ಪಾಠ ನಾಟುತ್ತದೆ. ಚೆನ್ನೈನಲ್ಲಿ ನೆಲೆಸಿದ ಕನ್ನಡದ ಹಿರಿಯರಿಗೂ ಇದೇ ಮಾತು ಸಲ್ಲುತ್ತದೆ.

ಅಲ್ಲಿಯವರೆಗೆ ಮಕ್ಕಳು ಮಾಡಬಹುದಾದ ಕೆಲಸ ಒಂದಿದೆ. ‘ಊಟ ಆಯ್ತಾ?’ ಎಂದು ನಾವೆಲ್ಲ ದಿನವೂ ಫೋನಿನಲ್ಲಿ ಕೇಳುತ್ತೇವೆ, ಅವರು ‘ಆಯ್ತು’ ಎನ್ನುತ್ತಾರೆ. ನಾಳೆ ಆ ಹೊತ್ತಿಗೆ ವಿಡಿಯೊ ಕರೆ ಮಾಡಿ, ತಟ್ಟೆಯಲ್ಲಿ ಏನಿದೆ ಎಂದು ತೋರಿಸಲು ಹೇಳಿ.